ಐವತ್ತು ಪದಗಳಿಂದ ಐದು ನಿಮಿಷಗಳವರೆಗೆ

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಸಿಂದಗಿ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಪುಣೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ವಿಜಯಪುರದಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಇಲ್ಲಿಗೆ ಬಂದು ಏಳು ವರ್ಷವಾಯಿತು. ನೈಟ್ ಡ್ಯೂಟಿ ಮುಗಿಸಿ ಬಂದ ಒಂದು ಬೆಳಿಗ್ಗೆ ನಮ್ಮನೆಯಲ್ಲಿ ಚಹಾ ಕುಡಿಯುತ್ತಾ ಕೇಳಿದಳು: “ಅಕ್ಕಾ, ನೀವು ಭಾಷಾ ಬಗ್ಗೆ ಓದಿದವ್ರು. ಯುಕೆಗೆ ಹೋಗಬೇಕಂದ್ರ ಐಇಎಲ್‌ಟಿಎಸ್ ಬರೀಲೋ, ಓಇಟಿ ಬರೀಲೋ?”

ಯಾವುದಕ್ಕೆ ಫೀ ಕಡಿಮೆ, ಯಾವುದು ಸುಲಭ ಅಂತ ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಾದ ಪ್ರಶ್ನೆ. ನಾನು ಒಂದು ವಾರ ಸಮಯ ಕೇಳಿದೆ. ಅದಕ್ಕೆ ಕಾರಣವಿತ್ತು. ಈ ಹುಡುಗಿ ದಿನಕ್ಕೆ ನಾಲ್ಕು ಭಾಷೆಗಳಲ್ಲಿ ಕೆಲಸ ಮಾಡುತ್ತಾಳೆ. ರೋಗಿಗಳ ಜೊತೆ ಮರಾಠಿ, ಡಾಕ್ಟರರ ಜೊತೆ ಇಂಗ್ಲಿಷ್, ವಾರ್ಡ್‌ಬಾಯ್‌ಗಳ ಜೊತೆ ಹಿಂದಿ, ಮನೆಗೆ ಫೋನ್ ಮಾಡಿದಾಗ ಕನ್ನಡ. ಮರಾಠಿಯನ್ನು ಯಾರೂ ಕಲಿಸಲಿಲ್ಲ, ಯಾರೂ ಪರೀಕ್ಷಿಸಲಿಲ್ಲ. ಅಜ್ಜಿಯೊಬ್ಬರಿಗೆ ನೋವು ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಬೇಕಾಗಿತ್ತು, ಕಲಿತಳು. ಅಂಥವಳಿಗೆ “ನಿನಗೆ ಭಾಷೆ ಬರುತ್ತದೆ ಎಂದು ಮೊದಲು ತೋರಿಸು” ಎಂದು ಒಂದು ದೇಶ ಹೇಳುವಾಗ, ಅದು ನಿಜವಾಗಿ ಕೇಳುತ್ತಿರುವುದೇನು? ಎಂಎ ಓದುವಾಗ ಭಾಷಾ ಪರೀಕ್ಷೆಗಳ ಬಗ್ಗೆ ಒಂದು ಪೇಪರ್ ಇತ್ತು. ಆಗ ಅಂಕಕ್ಕಾಗಿ ಓದಿದ್ದನ್ನು ಈಗ ಅವಳಿಗಾಗಿ ಮತ್ತೆ ಓದಿದೆ. ಪ್ರತಿ ಪರೀಕ್ಷೆಯೂ ಯಾವುದೋ ಒಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟಿರುತ್ತದೆ. ಆ ಪ್ರಶ್ನೆ ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ಫೇಲ್ ಮಾಡಲೆಂದೇ ಇದ್ದ ಪರೀಕ್ಷೆ

ಭಾಷಾ ಪರೀಕ್ಷೆಯ ಅತಿ ಹಳೆಯ ಕಥೆ ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿದೆ. ಯುದ್ಧದಲ್ಲಿ ಸೋತ ಎಫ್ರಾಯೀಮ್ಯರು ಯೊರ್ದನ್ ನದಿ ದಾಟಿ ತಪ್ಪಿಸಿಕೊಳ್ಳಲು ಬರುತ್ತಾರೆ. ಗೆದ್ದವರು ದಡದಲ್ಲಿ ನಿಂತು ಒಂದೇ ಒಂದು ಪದ ಹೇಳಿಸುತ್ತಾರೆ: ಶಿಬ್ಬೋಲೆತ್. ಎಫ್ರಾಯೀಮ್ಯರ ನಾಲಿಗೆಗೆ ‘ಶ’ ಹೊರಳದು, ‘ಸ’ ಆಗುತ್ತದೆ. ಹಾಗೆ ಹೇಳಿದವರನ್ನು ಅಲ್ಲೇ ಕೊಂದರು. ‘ಹಾಲು’ ಎನ್ನಬೇಕಾದಲ್ಲಿ ‘ಆಲು’ ಎಂದವರನ್ನು ನೋಡಿ ನಕ್ಕಿರುವ ನಮಗೆ ಈ ಕಥೆ ಅರ್ಥವಾಗದೇ ಇರದು. ಅಲ್ಲಿ ಯಾರಿಗೂ ಆ ಪದದ ಅರ್ಥ ಬೇಕಾಗಿರಲಿಲ್ಲ, ಆಡುವವನು ಯಾವ ಕಡೆಯವನು ಎನ್ನುವುದಷ್ಟೇ ಬೇಕಾಗಿತ್ತು.

ಇಪ್ಪತ್ತನೇ ಶತಮಾನದಲ್ಲಿ ಇದನ್ನು ಕಾನೂನಾಗಿ ಬರೆದವರಲ್ಲಿ ಆಸ್ಟ್ರೇಲಿಯಾ ಮುಂದಿತ್ತು. 1901ರಲ್ಲಿ ಒಂದೇ ದೇಶವಾದ ಕೂಡಲೇ ಅದು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ವಲಸೆ ನಿರ್ಬಂಧ ಕಾಯ್ದೆ. ಉದ್ದೇಶ ಬಿಳಿಯರಲ್ಲದವರನ್ನು ಹೊರಗಿಡುವುದು. ಆದರೆ ಹಾಗೆಂದು ಬಾಯಿಬಿಟ್ಟು ಬರೆದರೆ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ ಆಗಿದ್ದ ಭಾರತೀಯರ ವಿಷಯದಲ್ಲಿ ಲಂಡನ್ನಿಗೆ ಮುಜುಗರ. ಅದಕ್ಕೊಂದು ದಾರಿ ಆಗಲೇ ಸಿದ್ಧವಿತ್ತು. 1897ರಲ್ಲಿ ದಕ್ಷಿಣ ಆಫ್ರಿಕಾದ ನೇಟಾಲ್ ವಸಾಹತು, ಗಾಂಧಿ ಡರ್ಬನ್ನಿನಲ್ಲಿದ್ದ ಕಾಲದಲ್ಲೇ, ಐರೋಪ್ಯ ಭಾಷೆಯೊಂದರಲ್ಲಿ ಅರ್ಜಿ ಬರೆಯಲಾರದವರಿಗೆ ಪ್ರವೇಶವಿಲ್ಲ ಎಂದು ಕಾನೂನು ಮಾಡಿತ್ತು. ಬಣ್ಣದ ಮಾತೇ ಇಲ್ಲ, ಭಾಷೆಯ ಮಾತು ಮಾತ್ರ.

ಆಸ್ಟ್ರೇಲಿಯಾ ಅದನ್ನು ಇನ್ನಷ್ಟು ಬಿಗಿ ಮಾಡಿತು. ಬಂದರಿನಲ್ಲಿ ಅಧಿಕಾರಿ ಐವತ್ತು ಪದಗಳ ಒಂದು ಭಾಗವನ್ನು ಓದಿ ಹೇಳುತ್ತಾನೆ, ಬಂದವನು ಉಕ್ತಲೇಖನ ಬರೆಯಬೇಕು. ಯಾವ ಭಾಷೆ? ಯಾವುದಾದರೂ ಐರೋಪ್ಯ ಭಾಷೆ. ಆರಿಸುವವನು ಅಧಿಕಾರಿ. ಇಂಗ್ಲಿಷ್ ಬಲ್ಲವನಿಗೆ ಜರ್ಮನ್, ಜರ್ಮನ್ ಬಲ್ಲವನಿಗೆ ಇನ್ನೊಂದು. 1909ರ ನಂತರ ಒಬ್ಬರೂ ಅದರಲ್ಲಿ ಪಾಸಾಗಲಿಲ್ಲ. 1934ರಲ್ಲಿ ಎಗಾನ್ ಕಿಶ್ ಎಂಬ ಪ್ರಾಗ್ ನಗರದ ಪತ್ರಕರ್ತ ಫ್ಯಾಸಿಸಂ ವಿರುದ್ಧ ಭಾಷಣ ಮಾಡಲು ಬಂದ. ಅವನಿಗೆ ಹಲವು ಭಾಷೆ ಗೊತ್ತು ಎಂದು ತಿಳಿದಿದ್ದ ಅಧಿಕಾರಿಗಳು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟರು. ಪ್ರಕರಣ ಅಲ್ಲಿನ ಹೈಕೋರ್ಟಿಗೆ ಹೋಯಿತು. ಕಾಯ್ದೆಯ ಅರ್ಥದಲ್ಲಿ ಗೇಲಿಕ್ ಐರೋಪ್ಯ ಭಾಷೆಯಲ್ಲ ಎಂದು ಕೋರ್ಟ್ ಹೇಳಿತು, ಕಿಶ್ ಗೆದ್ದ. ಪರೀಕ್ಷೆ ಮಾತ್ರ 1958ರವರೆಗೆ ಉಳಿಯಿತು.

ಇಷ್ಟು ದೂರದ ಕಥೆಯನ್ನು ನರ್ಸ್ ಒಬ್ಬಳ ಪ್ರಶ್ನೆಗೆ ಯಾಕೆ ತಂದೆ ಅಂದರೆ, ಅವಳು ಹೆಸರಿಸಿದ ಎರಡು ಪರೀಕ್ಷೆಗಳಲ್ಲಿ ಒಂದು ಹುಟ್ಟಿದ್ದು ಇದೇ ಆಸ್ಟ್ರೇಲಿಯಾದಲ್ಲಿ, ಉಕ್ತಲೇಖನ ನಿಂತು ಮೂವತ್ತು ವರ್ಷವಾಗುವ ಹೊತ್ತಿಗೆ. ಅದಕ್ಕೆ ಮುಂಚೆ ಬ್ರಿಟನ್ನಿನ ಮಾತು.

ಪಠ್ಯಪುಸ್ತಕದಲ್ಲಿಲ್ಲದ ಇಂಗ್ಲಿಷ್

1948ರಲ್ಲಿ ಶುರುವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಬೇಗನೆ ಭಾರತ, ಪಾಕಿಸ್ತಾನಗಳ ವೈದ್ಯರನ್ನು ನೆಚ್ಚಿಕೊಂಡಿತು. ಮೈಸೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಓದಿದವರೂ ಆ ದಾರಿಯಲ್ಲಿ ಹೋದರು. ಇವರ ಓದು ಇಂಗ್ಲಿಷಿನಲ್ಲೇ ಆಗಿತ್ತು, ಪದವಿಗಳಿಗೆ ಮಾನ್ಯತೆ ಇತ್ತು, ಭಾಷಾ ಪರೀಕ್ಷೆಯ ಮಾತು ಬಂದಿರಲಿಲ್ಲ. 1975 ಅದನ್ನು ಬದಲಿಸಿತು. ಆ ವರ್ಷ ಭಾರತದ ಪದವಿಗಳಿಗಿದ್ದ ಮಾನ್ಯತೆ ಹೋಯಿತು. ಹೊರದೇಶದ ವೈದ್ಯರ ಜ್ಞಾನವನ್ನೂ ಇಂಗ್ಲಿಷನ್ನೂ ಅಳೆಯುವ ಹೊಸ ಪರೀಕ್ಷೆಯನ್ನು ಜನರಲ್ ಮೆಡಿಕಲ್ ಕೌನ್ಸಿಲ್ ತಂದಿತು. ನಂತರ ಅದೇ ‘ಪ್ಲ್ಯಾಬ್’ ಆಯಿತು. ಆ ಹೆಸರಿನಲ್ಲಿರುವ ‘ಎಲ್’ ಅಕ್ಷರ ಭಾಷೆಯದು.

ಅನಾಟಮಿಯನ್ನು ಇಂಗ್ಲಿಷಿನಲ್ಲೇ ಓದಿದವರಿಗೆ ಇಂಗ್ಲಿಷಿನಲ್ಲಿ ತೊಡಕೇನು? ಅದೇ ವರ್ಷಗಳಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳಾದ ಕ್ರಿಸ್ಟೋಫರ್ ಕ್ಯಾಂಡ್ಲಿನ್ ಮತ್ತು ಜೊತೆಗಾರರು ಬ್ರಿಟಿಷ್ ಆಸ್ಪತ್ರೆಗಳ ಅಪಘಾತ ವಿಭಾಗಗಳಲ್ಲಿ ಹೊರದೇಶದ ವೈದ್ಯರೂ ರೋಗಿಗಳೂ ಆಡುವ ಮಾತನ್ನು ಅಧ್ಯಯನ ಮಾಡಿದರು. ವೈದ್ಯಕೀಯ ಪಾರಿಭಾಷಿಕ ಪದಗಳು ಅಂಥ ಕಷ್ಟವಲ್ಲ. ಕಷ್ಟ ಇರುವುದು ರೋಗಿಯ ಮನೆಮಾತಿನಲ್ಲಿ. ಇಂಗ್ಲೆಂಡಿನ ಮುದುಕನೊಬ್ಬ ತನ್ನ ‘ವಾಟರ್‌ವರ್ಕ್ಸ್’ ಸರಿಯಿಲ್ಲ ಎಂದರೆ ಅದು ನೀರಿನ ಇಲಾಖೆಯ ದೂರಲ್ಲ, ಮೂತ್ರದ ತೊಂದರೆ. ‘ಪೂರ್ಲಿ’ ಎಂದರೆ ಮೈ ಹುಷಾರಿಲ್ಲ.

ಇದನ್ನು ನಮ್ಮ ಭಾಷೆಗೆ ಇಟ್ಟು ನೋಡಿ. ‘ಒಂದಕ್ಕೆ’, ‘ಎರಡಕ್ಕೆ’, ‘ಹೊರಗಾಗಿದ್ದೇನೆ’, ‘ಎದೆ ಹಿಡಿದ ಹಾಗಾಗುತ್ತೆ’, ‘ಕೈಕಾಲು ಸೇದುತ್ತೆ’, ‘ಹೊಟ್ಟೆ ತೊಳಸುತ್ತೆ’. ಕನ್ನಡ ವ್ಯಾಕರಣವನ್ನೆಲ್ಲ ಅರೆದು ಕುಡಿದ ಹೊರಗಿನವನಿಗೂ ಇವು ಅರ್ಥವಾಗುವುದಿಲ್ಲ. ಇವು ಅರ್ಥವಾಗದೆ ಒಂದು ದಿನ ಒಪಿಡಿ ನಡೆಸಲು ಆಗುವುದಿಲ್ಲ. ಆದ್ದರಿಂದ ಪರೀಕ್ಷೆ ಬೇಕು ಎನ್ನುವ ವಾದಕ್ಕೆ ಹುರುಳಿಲ್ಲ ಎನ್ನಲಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದು ಸಾಕು ಎನ್ನುವ ನಮ್ಮ ಸಿಟ್ಟಿನ ಉತ್ತರ ಅರ್ಧ ಸತ್ಯ. ಆದರೆ ಎಂಥ ಪರೀಕ್ಷೆ ಎನ್ನುವುದೇ ಪ್ರಶ್ನೆ.

ಒಂದೇ ವರ್ಷದ ಎರಡು ಮಕ್ಕಳು

1980ರಲ್ಲಿ ಬ್ರಿಟಿಷ್ ಕೌನ್ಸಿಲ್ ಮತ್ತು ಕೇಂಬ್ರಿಜ್‌ನವರು ಬ್ರಿಟಿಷ್ ವಿಶ್ವವಿದ್ಯಾಲಯಗಳಿಗೆ ಬರುವ ವಿದೇಶಿ ವಿದ್ಯಾರ್ಥಿಗಳಿಗಾಗಿ ‘ಇಎಲ್‌ಟಿಎಸ್’ ಎಂಬ ಪರೀಕ್ಷೆ ಶುರುಮಾಡಿದರು. ಅದರಲ್ಲಿ ವಿಷಯಕ್ಕೊಂದರಂತೆ ಆರು ವಿಭಾಗಗಳಿದ್ದವು: ಸಮಾಜ ವಿಜ್ಞಾನ, ತಂತ್ರಜ್ಞಾನ ಹೀಗೆ. ಅವುಗಳಲ್ಲಿ ವೈದ್ಯಕೀಯವೂ ಒಂದು. ಇಷ್ಟೊಂದು ವಿಭಾಗಗಳನ್ನು ಸಂಭಾಳಿಸುವುದು ಕಷ್ಟವೆನಿಸಿ, 1989ರಲ್ಲಿ ಅದು ‘ಐಇಎಲ್‌ಟಿಎಸ್’ ಆದಾಗ ಅವು ಮೂರಕ್ಕಿಳಿದವು. 1995ರಲ್ಲಿ ಆ ಮೂರೂ ಹೋಗಿ ಎಲ್ಲರಿಗೂ ಒಂದೇ ‘ಅಕಾಡೆಮಿಕ್’ ಪತ್ರಿಕೆ ಉಳಿಯಿತು. ವಿದ್ಯಾರ್ಥಿಗಳ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ ಇರಬಹುದು. ಆದರೆ ನರ್ಸ್‌ಗಳನ್ನು ನೋಂದಾಯಿಸುವ ಮಂಡಳಿಗಳು ಎರವಲು ತೆಗೆದುಕೊಂಡದ್ದೂ ಇದೇ ಪತ್ರಿಕೆಯನ್ನು. ನಕ್ಷೆ ನೋಡಿ 150 ಪದಗಳ ವಿವರಣೆ, ಸಾಮಾನ್ಯ ವಿಷಯವೊಂದರ ಮೇಲೆ 250 ಪದಗಳ ಪ್ರಬಂಧ. ವಿಶ್ವವಿದ್ಯಾಲಯದಲ್ಲಿ ಇದೇ ಕೆಲಸ. ವಾರ್ಡಿನಲ್ಲಿ ಅಲ್ಲ.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಟಿಮ್ ಮೆಕ್‌ನಮಾರ ಇನ್ನೊಂದು ದಾರಿ ಹಿಡಿದಿದ್ದರು. ವಲಸೆ ಬಂದ ವೈದ್ಯರು, ನರ್ಸ್‌ಗಳಿಗೆ ಆಸ್ಟ್ರೇಲಿಯಾ ಸರ್ಕಾರ ಕೊಡುತ್ತಿದ್ದ ಹಳೆಯ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಅತೃಪ್ತಿಯಿತ್ತು. 1986ರಲ್ಲಿ ಲ್ಯಾಂಕಾಸ್ಟರಿನ ತಜ್ಞರು ಅದನ್ನು ಪರಿಶೀಲಿಸಿ ಹೊಸ ದಿಕ್ಕು ಸೂಚಿಸಿದರು. ಆ ತಂಡದಲ್ಲಿ ಅಪಘಾತ ವಿಭಾಗಗಳ ಮಾತು ಕೇಳಿಸಿಕೊಂಡಿದ್ದ ಕ್ಯಾಂಡ್ಲಿನ್ ಕೂಡ ಇದ್ದರು. ಮೆಕ್‌ನಮಾರ ಆ ಸೂಚನೆಗಳನ್ನು ಕೈಗೆತ್ತಿಕೊಂಡು, ವೈದ್ಯರು, ನರ್ಸ್‌ಗಳು ಕೆಲಸದಲ್ಲಿ ಭಾಷೆಯಿಂದ ಏನು ಮಾಡುತ್ತಾರೆ ಎಂದು ವಿಚಾರಿಸಿದರು. ಹಾಗೆ ಹುಟ್ಟಿದ್ದು ‘ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್’, ಓಇಟಿ. ಇದರಲ್ಲಿ ನರ್ಸ್‌ಗೆ ನರ್ಸಿನ ಪತ್ರಿಕೆ, ವೈದ್ಯರಿಗೆ ವೈದ್ಯರದು, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್, ಪಶುವೈದ್ಯರಿಗೂ ಅವರವರದು. ಇವತ್ತು ಒಟ್ಟು 12 ವೃತ್ತಿಗಳಿವೆ. ಬರೆಯುವುದು ಪ್ರಬಂಧವಲ್ಲ. ರೋಗಿಯೊಬ್ಬರ ಟಿಪ್ಪಣಿಗಳನ್ನು ಓದಿ ಇನ್ನೊಬ್ಬ ವೈದ್ಯರಿಗೋ ಮನೆಗೆ ಬರುವ ನರ್ಸಿಗೋ ಪತ್ರ. ಮಾತಿನ ಪರೀಕ್ಷೆಯಲ್ಲಿ ಎದುರಿಗೆ ಕೂತವರು ರೋಗಿಯಾಗಿಯೋ ರೋಗಿಯ ಮಗಳಾಗಿಯೋ ನಟಿಸುತ್ತಾರೆ. ಒಂದೊಂದೂ ಸುಮಾರು ಐದು ನಿಮಿಷದ ಎರಡು ಸನ್ನಿವೇಶ.

ಬಂದರಿನಲ್ಲಿ ಐವತ್ತು ಪದ ಓದಿ ಹೇಳಿ ಹಿಂದಕ್ಕೆ ಕಳಿಸುತ್ತಿದ್ದ ದೇಶ, ಈಗ ಐದು ನಿಮಿಷ ಕೊಟ್ಟು ‘ಹೆದರಿದ ಈ ರೋಗಿಗೆ ಏನು ಹೇಳುತ್ತೀರಿ’ ಎಂದು ಕೇಳುವ ಪರೀಕ್ಷೆ ಮಾಡಿತು. ಮೆಕ್‌ನಮಾರ ಮುಂದೆ ಶಿಬ್ಬೋಲೆತ್ ಬಗ್ಗೆ ಬಹಳ ಬರೆದರು. ಪರೀಕ್ಷೆ ಕಟ್ಟುವವರು ಬಾಗಿಲು ಕಾಯುವವರೂ ಆಗಿರುತ್ತಾರೆ ಎನ್ನುವುದು ಅವರನ್ನು ಬಿಡಲಿಲ್ಲ.

ಆದರೆ ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. ತಮ್ಮ ಪರೀಕ್ಷೆಯ ಅಂಕಗಳನ್ನೇ ಮೆಕ್‌ನಮಾರ ಮತ್ತೆ ಅಂಕಿಅಂಶದ ಕಣ್ಣಿನಿಂದ ನೋಡಿದಾಗ ಮುಜುಗರದ ಸಂಗತಿಯೊಂದು ಸಿಕ್ಕಿತು. ಸಂವಹನ, ಸ್ಪಷ್ಟತೆ, ನಿರರ್ಗಳತೆ ಎಂದು ಬೇರೆ ಬೇರೆ ಕಾಲಂ ಇದ್ದರೂ ಮೌಲ್ಯಮಾಪಕರ ಒಟ್ಟು ತೀರ್ಪನ್ನು ನಿರ್ಧರಿಸುತ್ತಿದ್ದುದು ಹೆಚ್ಚಾಗಿ ವ್ಯಾಕರಣ. ರೋಗಿಯ ಜೊತೆ ಚೆನ್ನಾಗಿ ಮಾತಾಡಿದಳೇ ಎಂದು ಕೇಳಿದರೂ ಕಿವಿ ತಪ್ಪುಗಳನ್ನೇ ಎಣಿಸುತ್ತಿತ್ತು. ಅನುವಾದಕಿಯಾಗಿ ಇದು ನನಗೆ ಚೆನ್ನಾಗಿ ಗೊತ್ತು. ಇನ್ನೊಬ್ಬರ ಅನುವಾದ ತಿದ್ದಲು ಕೂತಾಗ ಮೊದಲು ಕಾಣುವುದು ತಪ್ಪು ವಿಭಕ್ತಿ. ವಾಕ್ಯ ಓದುಗರಿಗೆ ಮುಟ್ಟುತ್ತದೆಯೇ ಎನ್ನುವುದು ಆಮೇಲೆ.

ಇದಕ್ಕೆ ಉತ್ತರ ಸಿಗಲು ಎರಡು ದಶಕಗಳೇ ಬೇಕಾದವು. ಮೆಲ್ಬರ್ನಿನ ಸಂಶೋಧಕರು ವೈದ್ಯರು, ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳನ್ನು ಕೂರಿಸಿ ‘ಹೊಸಬರು ರೋಗಿಯ ಜೊತೆ ಮಾತಾಡುವಾಗ ನೀವು ಏನನ್ನು ಗಮನಿಸುತ್ತೀರಿ’ ಎಂದು ಕೇಳಿದರು. ಅವರು ಹೇಳಿದ್ದು ಭಾಷಾ ಮೇಷ್ಟರ ಪಟ್ಟಿಗಿಂತ ಬೇರೆಯದೇ ಆಗಿತ್ತು: ರೋಗಿಯ ಮಾತಿಗೆ ಕಿವಿಗೊಟ್ಟಳೇ, ಅವರ ಭಯ ಗಮನಿಸಿದಳೇ, ಹೇಳಿದ್ದು ತಿಳಿಯಿತೇ ಎಂದು ಪರೀಕ್ಷಿಸಿದಳೇ. 2018ರಲ್ಲಿ ಓಇಟಿ ಪರಿಷ್ಕರಣೆಯಾದಾಗ ಇಂಥ ಅಂಶಗಳು ಅಂಕದ ಪಟ್ಟಿಗೆ ಸೇರಿದವು.

ಯಾರಿಗೆ ಪರೀಕ್ಷೆ, ಯಾರಿಗೆ ವಿನಾಯಿತಿ

ಬ್ರಿಟನ್ನಿನಲ್ಲಿ ಆಗ ಇನ್ನೊಂದು ನಾಟಕ ನಡೆದಿತ್ತು. ಭಾರತದ ವೈದ್ಯರು, ನರ್ಸ್‌ಗಳು ಪರೀಕ್ಷೆ ಬರೆಯಲೇಬೇಕು. ಯುರೋಪಿಯನ್ ಒಕ್ಕೂಟದ ವೈದ್ಯರಿಗೆ ನೋಂದಣಿಯ ಹಂತದಲ್ಲಿ ಪರೀಕ್ಷೆಯಿಲ್ಲ, ಒಕ್ಕೂಟದ ಕಾನೂನು ಅಡ್ಡ. 2008ರಲ್ಲಿ ಜರ್ಮನಿಯಿಂದ ವಾರಾಂತ್ಯದ ಪಾಳಿಗೆ ಬಂದ ವೈದ್ಯನೊಬ್ಬ ಕೇಂಬ್ರಿಜ್‌ಶೈರಿನಲ್ಲಿ 70 ವರ್ಷದ ರೋಗಿಗೆ ಡಯಾಮಾರ್ಫಿನ್ ಅನ್ನು ಹತ್ತು ಪಟ್ಟು ಹೆಚ್ಚು ಕೊಟ್ಟ. ರೋಗಿ ಸತ್ತರು. ಭಾಷೆಯೊಂದೇ ಕಾರಣ ಎನ್ನಲಾಗದು, ಆ ಔಷಧದ ಪರಿಚಯವೂ ಅವನಿಗಿರಲಿಲ್ಲ. ಆದರೆ ಒಂದು ಕಡೆ ಇಂಗ್ಲಿಷ್ ಸಾಲದೆಂದು ಬಾಗಿಲು ಮುಚ್ಚಿದ್ದಾಗ ಇನ್ನೊಂದು ಕಡೆಯ ಅಧಿಕಾರಿಗಳು ಅವನನ್ನು ಸೇರಿಸಿಕೊಂಡಿದ್ದರು ಎನ್ನುವುದು ಹೊರಬಿತ್ತು. ಮೃತರ ಮಕ್ಕಳು ವರ್ಷಗಟ್ಟಲೆ ಹೋರಾಡಿದರು. 2014ರಲ್ಲಿ ಯುರೋಪಿನ ವೈದ್ಯರ ಭಾಷೆಯನ್ನೂ ಪರೀಕ್ಷಿಸುವ ಅಧಿಕಾರ ಬಂತು. 2016ರಲ್ಲಿ ನರ್ಸ್‌ಗಳಿಗೂ ಅನ್ವಯವಾಯಿತು.

ಎಲ್ಲರಿಗೂ ಒಂದೇ ನಿಯಮ ಆದ ಮೇಲೆ ಒಂದು ತಮಾಷೆ ನಡೆಯಿತು. ಇಂಗ್ಲಿಷ್ ತಾಯ್ನುಡಿಯ ಆಸ್ಟ್ರೇಲಿಯಾದ ನರ್ಸ್‌ಗಳೂ ಐಇಎಲ್‌ಟಿಎಸ್‌ನಲ್ಲಿ ಬೇಕಾದ ಅಂಕ ಬಾರದೆ ನಿಂತರು ಎನ್ನುವ ಸುದ್ದಿ 2017ರಲ್ಲಿ ಬ್ರಿಟಿಷ್ ಪತ್ರಿಕೆಗಳಲ್ಲಿ ಬಂತು. ಭಾರತದ, ಫಿಲಿಪ್ಪೀನ್ಸಿನ ನರ್ಸ್‌ಗಳು ಅದನ್ನೇ ಹೇಳುತ್ತಾ ಬಂದಿದ್ದರು, ಸುದ್ದಿಯಾಗಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಬ್ರಿಟನ್ನಿನ ನರ್ಸಿಂಗ್ ಮಂಡಳಿ ಓಇಟಿಯನ್ನು ಒಪ್ಪಿತು. 2018ರಲ್ಲಿ ವೈದ್ಯರ ಮಂಡಳಿಯೂ ಒಪ್ಪಿತು. ಅದೇ ವರ್ಷದ ಕೊನೆಗೆ ನರ್ಸ್‌ಗಳಿಗೆ ಐಇಎಲ್‌ಟಿಎಸ್ ಬರವಣಿಗೆಯಲ್ಲಿ 7ರ ಬದಲು 6.5 ಸಾಕು ಎಂದಾಯಿತು. 2023ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಭಾರತದಲ್ಲಿ ನರ್ಸಿಂಗ್ ಓದಿ, ಅಂಕ ಸಾಲದೆ, ಬ್ರಿಟನ್ನಿನಲ್ಲಿ ಆರೈಕೆ ಸಹಾಯಕರಾಗಿ ದುಡಿಯುತ್ತಿದ್ದವರು ಬಹಳ ಕಾಲದಿಂದ ಕೇಳುತ್ತಿದ್ದರು. ಅಂಕ ಸ್ವಲ್ಪದರಲ್ಲಿ ತಪ್ಪಿದ್ದರೆ, ಅಲ್ಲಿ ಒಂದು ವರ್ಷವಾದರೂ ಕೆಲಸ ಮಾಡಿದ್ದರೆ, ಕೆಲಸ ಕೊಟ್ಟವರ ಸಾಕ್ಷ್ಯವನ್ನೂ ಪರಿಗಣಿಸುವುದಾಗಿ ಮಂಡಳಿ ಒಪ್ಪಿತು.

ಅಮೆರಿಕದಲ್ಲಿ ದಾರಿ ತಿರುವುಮುರುವು. ಅಲ್ಲಿ ವೈದ್ಯರಾಗಬೇಕಾದವರು 2004ರಿಂದ ನಟರಾದ ರೋಗಿಗಳ ಮುಂದೆ ಪರೀಕ್ಷೆ ಕೊಡಬೇಕಿತ್ತು, ಅದೂ ಅಮೆರಿಕಕ್ಕೇ ಹೋಗಿ. 2020ರಲ್ಲಿ ಕೋವಿಡ್ ಬಂದು ಅದು ನಿಂತಿತು, ಮತ್ತೆ ಶುರುವಾಗಲಿಲ್ಲ. ವಿದೇಶಿ ವೈದ್ಯರ ಸಂವಹನ ಅಳೆಯಲು ಅದರ ಜಾಗಕ್ಕೆ ಬಂದದ್ದು ಓಇಟಿ. ಹಾಗಾಗಿ ಇವತ್ತು ಬೆಂಗಳೂರಿನಿಂದ ಅಮೆರಿಕಕ್ಕೆ ಹೊರಟ ಎಂಬಿಬಿಎಸ್ ಪದವೀಧರರಿಗೆ ಇದರಲ್ಲಿ ಆಯ್ಕೆಯ ಮಾತೇ ಇಲ್ಲ.

ಅವಳಿಗೆ ಹೇಳಿದ್ದು

ವಾರದ ಕೊನೆಗೆ ಮತ್ತೆ ಚಹಾಕ್ಕೆ ಕೂತೆವು. ಇತಿಹಾಸವನ್ನೆಲ್ಲ ಹೇಳಲಿಲ್ಲ. ನಾಲ್ಕು ಮಾತು ಹೇಳಿದೆ.

ಐಇಎಲ್‌ಟಿಎಸ್ ಹುಟ್ಟಿದ್ದು ‘ಈ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಓದಬಲ್ಲನೇ’ ಎನ್ನುವ ಪ್ರಶ್ನೆಗೆ. ಓಇಟಿ ಹುಟ್ಟಿದ್ದು ‘ಈಕೆ ಇಂಗ್ಲಿಷಿನಲ್ಲಿ ರೋಗಿಯನ್ನು ನೋಡಿಕೊಳ್ಳಬಲ್ಲಳೇ’ ಎನ್ನುವುದಕ್ಕೆ. ನಿನ್ನ ಬಲ ಇರುವುದು ಎರಡನೆಯದರಲ್ಲಿ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮಂಡಳಿಗಳು ಎರಡನ್ನೂ ಒಪ್ಪುತ್ತವೆ.

ಎರಡನೆಯದು ದುಡ್ಡು. ಓಇಟಿ ಶುಲ್ಕ ಐಇಎಲ್‌ಟಿಎಸ್‌ಗಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಮತ್ತೆ ಕೂರಬೇಕಾದರೆ ಮತ್ತೆ ಅಷ್ಟು. ಮೊದಲು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಎರಡರ ಮಾದರಿ ಪತ್ರಿಕೆಯನ್ನೂ ಬರೆದು ನೋಡು, ಆಮೇಲೆ ದುಡ್ಡು ಕಟ್ಟು.

ಮೂರನೆಯದು, ಓಇಟಿ ಆರೋಗ್ಯ ಕ್ಷೇತ್ರ ಬಿಟ್ಟರೆ ನಡೆಯುವ ಜಾಗ ಕಡಿಮೆ. ನಾಳೆ ಎಂಎಸ್ಸಿ ಮಾಡುತ್ತೇನೆ, ಬೇರೆ ಕ್ಷೇತ್ರಕ್ಕೆ ಹೋಗುತ್ತೇನೆ ಎನ್ನುವ ಯೋಚನೆ ಇದ್ದರೆ ಐಇಎಲ್‌ಟಿಎಸ್ ಹೆಚ್ಚು ಬಾಗಿಲು ತೆರೆಯುತ್ತದೆ. ಪ್ರಬಂಧ ಬರೆಯುವ ರೂಢಿ ಇರುವವರಿಗೆ ಅದೇ ಸುಲಭವೂ ಹೌದು.

ಕೊನೆಯದು, ಕೋಚಿಂಗ್ ಸೆಂಟರಿನ ಮಾತು ನಂಬಿ ಅಂಕ ಲೆಕ್ಕ ಹಾಕಬೇಡ. ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹೋಗಬೇಕಾದ ದೇಶದ ಮಂಡಳಿಯ ಪುಟವನ್ನೇ ತೆರೆದು ಓದು.

“ಓಇಟಿ ಸುಲಭ ಐತಿ ಅಂತ ಎಲ್ಲಾರೂ ಅಂತಾರಲ್ರೀ ಅಕ್ಕಾ?” ಅಂದಳು. ಸುಲಭ ಅಲ್ಲ, ನಿನ್ನ ಕೆಲಸಕ್ಕೆ ಹತ್ತಿರ ಅಂದೆ.

ಅವಳು ಓಇಟಿಯನ್ನೇ ಆರಿಸಿದ್ದಾಳೆ. ಭಾನುವಾರ ಸಂಜೆ ನಾನು ರೋಗಿಯಾಗುತ್ತೇನೆ. ಮೊದಲ ದಿನ ನಾನು ಆಪರೇಷನ್ನಿಗೆ ಒಪ್ಪದ ಮುದುಕಿ. ಅವಳು ಬಾಯಿಪಾಠ ಮಾಡಿದ್ದ ಇಂಗ್ಲಿಷ್ ವಾಕ್ಯಗಳನ್ನು ಗಡಗಡ ಹೇಳಿದಳು, ನನಗೆ ಅದು ನಿಲ್ದಾಣದ ಘೋಷಣೆಯ ಹಾಗೆ ಕೇಳಿಸಿತು. ಸಾಕು ಮಾಡಿ, ಇದನ್ನೇ ನಿನ್ನ ವಾರ್ಡಿನಲ್ಲಿ ಮರಾಠಿಯಲ್ಲಿ ಹೇಗೆ ಹೇಳುತ್ತೀಯಾ ತೋರಿಸು ಅಂದೆ. ಕುರ್ಚಿ ಹತ್ತಿರ ಎಳೆದುಕೊಂಡಳು. ದನಿ ತಗ್ಗಿಸಿ, ಆಜಿ, ನಿಮಗೆ ಯಾವುದರ ಹೆದರಿಕೆ ಎಂದು ಕೇಳಿ ಸುಮ್ಮನಾದಳು, ನಾನು ಮಾತಾಡುವವರೆಗೂ ಕಾದಳು.

ಈಗ ಅದನ್ನೇ ಇಂಗ್ಲಿಷಿನಲ್ಲಿ ಅಂದೆ. ವ್ಯಾಕರಣ ಎರಡು ಕಡೆ ತಪ್ಪಿತು, ಬರೆದಿಟ್ಟುಕೊಂಡಿದ್ದೇವೆ. ಪರೀಕ್ಷೆಗೆ ಇನ್ನು ಆರು ವಾರವಿದೆ.